ಹುಬ್ಬಳ್ಳಿಯ ಬಸ್ಸು ಹತ್ತುವ ಮುನ್ನ



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳ ಅನೇಕ ಮನೆಗಳಲ್ಲಿ ಇಂದು ಲ್ಯಾಪ್‌ಟಾಪ್ ಇದೆ. ಕೆಲವರಿಗೆ ಸರ್ಕಾರದ ಯೋಜನೆಯಿಂದ ದೊರೆತದ್ದು, ಕೆಲವರಿಗೆ ಅಣ್ಣನೋ ಅಕ್ಕನೋ ಬಳಸಿ ಕೊಟ್ಟದ್ದು. ವಿದ್ಯಾರ್ಥಿವೇತನದ ಅರ್ಜಿಗೆ ನಾಳೆಯೇ ಕೊನೆಯ ದಿನ ಎನ್ನುವಾಗ ಅದು ಚಾರ್ಜ್ ಆಗದೆ ಹೋದರೆ? ಹುಬ್ಬಳ್ಳಿಗೆ ಹೋದರೆ ಒಂದು ದಿನದ ಪಾಠ ತಪ್ಪುತ್ತದೆ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕು. ಆದ್ದರಿಂದ ಬಸ್ಸು ಹತ್ತುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಈಗ ನೋಡೋಣ.

ಮೊದಲು ಒಂದು ಎಚ್ಚರಿಕೆ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ. ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಬೆಂಕಿ ಹೊತ್ತಬಲ್ಲ ದ್ರವವಿರುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ತಿಪ್ಪೆಗೆ ಎಸೆಯಬೇಡಿ. ಅಂಥ ಯಂತ್ರವನ್ನು ರಿಪೇರಿ ಬಲ್ಲವರೇ ಬಿಚ್ಚಬೇಕು.

ಅಂಥ ಲಕ್ಷಣಗಳಿಲ್ಲದಿದ್ದರೆ ಮುಂದುವರಿಯಬಹುದು. ಮಲಪ್ರಭಾ ಕಾಲುವೆಯ ನೀರು ಕೊನೆಯ ಹೊಲಕ್ಕೆ ಮುಟ್ಟದಿದ್ದರೆ ರೈತ ಏನು ಮಾಡುತ್ತಾನೆ? ತೂಬಿನಿಂದ ಹಿಡಿದು ಕಾಲುವೆಗುಂಟ ನಡೆದು, ಎಲ್ಲಿಯವರೆಗೆ ನೀರು ಬಂದಿದೆ ಎಂದು ನೋಡುತ್ತಾನೆ. ನಾವೂ ಹಾಗೆಯೇ ಗೋಡೆಯ ಸಾಕೆಟ್‌ನಿಂದ ಬ್ಯಾಟರಿಯವರೆಗೆ ಒಂದೊಂದೇ ಹಂತವನ್ನು ಪರೀಕ್ಷಿಸಬೇಕು.

ಮೊದಲ ಹಂತ ಸಾಕೆಟ್. ಎಕ್ಸ್‌ಟೆನ್ಷನ್ ಬೋರ್ಡ್ ಬದಿಗಿಟ್ಟು, ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ. ಮೊಬೈಲ್ ಚಾರ್ಜ್ ಆದರೆ ಅಲ್ಲಿ ಕರೆಂಟು ಇದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿಯುತ್ತದೆ, ಅದರಿಂದಲೇ ಚಾರ್ಜ್ ಆಗುತ್ತಿಲ್ಲ ಎಂದು ಹಲವರು ಹೇಳುವುದುಂಟು. ಅಡಾಪ್ಟರಿನ ಮೇಲಿನ ಚೀಟಿಯನ್ನು ಓದಿ. ಸಾಮಾನ್ಯವಾಗಿ ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿರುತ್ತದೆ. ಅಂದರೆ 230 ವೋಲ್ಟ್ ಇರಬೇಕಾದದ್ದು 180ಕ್ಕೆ ಇಳಿದರೂ ಅದು ಕೆಲಸ ಮಾಡಬೇಕು.

ಎರಡನೆಯದು ಅಡಾಪ್ಟರ್. ಅದಕ್ಕೆ ಸೇರುವ ವೈರನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಸೇರಿಸಿ. ವೈರು ಮಡಚಿ ಒಡೆದಿದೆಯೇ ನೋಡಿ, ಒಡೆದಿದ್ದರೆ ಬಳಸಬೇಡಿ. ಹೊರಾಂಗಣ ಚಿತ್ರೀಕರಣದಲ್ಲಿ ಕ್ಯಾಮರಾ ನಿಂತರೆ ನಮ್ಮ ತಂಡ ಮೊದಲು ಮಾಡುವ ಕೆಲಸ, ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಬ್ಯಾಟರಿಯನ್ನು ಹಾಕಿ ನೋಡುವುದು. ನೀವೂ ಗೆಳೆಯರ ಅಡಾಪ್ಟರ್ ತಂದು ನೋಡಿ. ಆದರೆ ಪಿನ್ನು ಹೊಂದಿಕೊಂಡರಷ್ಟೇ ಸಾಲದು. ಔಟ್‌ಪುಟ್ ವೋಲ್ಟೇಜ್ ಒಂದೇ ಆಗಿರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಸಾಧ್ಯವಾದರೆ ಅದೇ ಕಂಪನಿಯ, ಅದೇ ಮಾದರಿಯದನ್ನೇ ತನ್ನಿ. ಟೈಪ್-ಸಿ ಯಂತ್ರವಾದರೆ ವ್ಯಾಟ್ ನೋಡಿ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ ಮೊಬೈಲಿನ 18 ವ್ಯಾಟ್ ಚಾರ್ಜರ್ ಹಾಕಿದರೆ ಚಾರ್ಜ್ ಏರದೇ ಇರಬಹುದು. ಅದು ದೋಷವಲ್ಲ, ಸಾಮರ್ಥ್ಯದ ಕೊರತೆ.

ಮೂರನೆಯದು ಲ್ಯಾಪ್‌ಟಾಪಿನ ಚಾರ್ಜಿಂಗ್ ರಂಧ್ರ. ಎರೆ ಮಣ್ಣಿನ ನುಣ್ಣನೆಯ ಧೂಳು ಅಲ್ಲಿ ಸೇರಿಕೊಳ್ಳುತ್ತದೆ. ಯಂತ್ರವನ್ನು ಪೂರ್ತಿ ಆರಿಸಿ, ಅಡಾಪ್ಟರ್ ತೆಗೆದು, ಒಣಗಿದ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಸೂಜಿ, ಪಿನ್ನು ಹಾಕಲೇಬೇಡಿ. ಅನಂತರ ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಒಳಗಿನ ನಿಯಂತ್ರಕ ಹೊಸದಾಗಿ ಆರಂಭವಾಗಿ, ಎಷ್ಟೋ ಸಲ ಚಾರ್ಜ್ ಆಗತೊಡಗುತ್ತದೆ.

ಕೊನೆಯದು ಬ್ಯಾಟರಿ. ಚಾರ್ಜ್ 60ಕ್ಕೋ 80ಕ್ಕೋ ಬಂದು ನಿಂತರೆ ಗಾಬರಿ ಬೇಡ. ಬ್ಯಾಟರಿಯ ಆಯುಷ್ಯ ಉಳಿಸಲು ಕೆಲವು ಯಂತ್ರಗಳಲ್ಲಿ ಅಂಥ ಮಿತಿಯ ಏರ್ಪಾಡು ಇರುತ್ತದೆ. ಇನ್ನೊಂದು ಕಾರಣ ಬಿಸಿ. ಲಿಥಿಯಂ ಅಯಾನ್ ಬ್ಯಾಟರಿಯ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಾರ್ಜ್ ಮಾಡುವುದು ಸುರಕ್ಷಿತವಲ್ಲ. ಆದ್ದರಿಂದ ಯಂತ್ರ ತಾನಾಗಿಯೇ ಚಾರ್ಜಿಂಗ್ ನಿಲ್ಲಿಸಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಆ ಮಿತಿ ಮುಟ್ಟುವುದು ಕಷ್ಟವಲ್ಲ. ಆರಿಸಿ, ನೆರಳಿನಲ್ಲಿ ತಣ್ಣಗಾಗಲು ಬಿಡಿ. ಸಂಜೆ ಚಾರ್ಜ್ ಆದರೆ ನಿಮ್ಮ ಬ್ಯಾಟರಿ ಸರಿಯಿದೆ.

ಸರಿಯಾದ ಅಡಾಪ್ಟರ್ ಇದ್ದಾಗ ಯಂತ್ರ ಓಡಿ, ತೆಗೆದೊಡನೆ ಆರಿದರೆ ಏನು ತಿಳಿಯಬೇಕು? ಬ್ಯಾಟರಿಯವರೆಗಿನ ದಾರಿ ಸರಿಯಿದೆ. ದೋಷ ಬ್ಯಾಟರಿಯಲ್ಲಿ ಅಥವಾ ಅದನ್ನು ಚಾರ್ಜ್ ಮಾಡುವ ಒಳಗಿನ ಮಂಡಲದಲ್ಲಿದೆ. ಆಗ ಮಾತ್ರ ಹುಬ್ಬಳ್ಳಿಯ ಬಸ್ಸು ಹತ್ತಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಹಾಳೆಯ ಮೇಲೆ ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ನಿಯಮವೂ ಇದೇ ಅಲ್ಲವೆ? ಆ ಹಾಳೆಯನ್ನು ರಿಪೇರಿಯವರ ಮುಂದಿಡಿ. ಯಾವುದು ಸರಿಯಿದೆ ಎಂದು ಬಲ್ಲವರು ಬೇಡದ್ದಕ್ಕೆ ಹಣ ಕೊಡಬೇಕಾಗುವುದಿಲ್ಲ.