ಹಳೇ ಫೋನಿಗೆ ಅಪ್‌ಡೇಟ್ ಯಾಕೆ ಬರುವುದಿಲ್ಲ?



ಹೋದ ವಾರ ನಿಮ್ಮಲ್ಲಿ ಒಬ್ಬರು ನಮ್ಮನ್ನು ಕೇಳಿದರು. "ಟೀಚರೇ, ಮಗ ಅವನ ಹಳೇ ಫೋನು ನನಗೆ ಕೊಟ್ಟ. ಅದು ಒಡೆದಿಲ್ಲ. ಆದರೂ ವಾಟ್ಸಾಪ್ ತೆರೆಯುವುದಿಲ್ಲ. ನಿನಗೆ ಒತ್ತಲು ಬರುವುದಿಲ್ಲ ಅಂತಾನೆ."

ಬನ್ನಿ, ಇದನ್ನು ತಿಳಿಯೋಣ.

ಕೊಡಗಿನಲ್ಲಿ ಜೂನ್ ತಿಂಗಳಿಗೆ ಮಳೆ ಹಿಡಿಯುತ್ತದೆ. ಅದಕ್ಕೆ ಮೊದಲೇ ನಾವು ಮಾಡಿನ ಹೆಂಚು ನೋಡುತ್ತೇವೆ. ಒಡೆದ ಹೆಂಚು ತೆಗೆದು ಬೇರೆ ಹಾಕುತ್ತೇವೆ. ಇಲ್ಲದಿದ್ದರೆ ಮನೆ ಸೋರುತ್ತದೆ, ಅಲ್ಲವೇ?

ಫೋನಿಗೂ ಹೀಗೇ. ಫೋನನ್ನು ನಡೆಸುವ ಒಂದು ವ್ಯವಸ್ಥೆ ಅದರೊಳಗೆ ಇದೆ. ನಮ್ಮಲ್ಲಿ ಹೆಚ್ಚಿನವರ ಫೋನಿನಲ್ಲಿ ಇರುವುದು ಆಂಡ್ರಾಯ್ಡ್. ಅದನ್ನು ಮಾಡುವುದು ಗೂಗಲ್ ಕಂಪನಿ. ಅದರಲ್ಲೂ ತೂತು ಕಾಣಿಸುತ್ತದೆ. ಕಳ್ಳರು ಅಲ್ಲಿಂದ ನುಗ್ಗಬಹುದು. ಆ ತೂತು ಮುಚ್ಚಲು, ಹೊಸದನ್ನು ಸೇರಿಸಲು ಬರುವುದೇ ಅಪ್‌ಡೇಟ್.

ಅದು ಯಾಕೆ ನಿಲ್ಲುತ್ತದೆ? ಆಂಡ್ರಾಯ್ಡ್ ಮಾಡುವವರು ಬೇರೆ. ಒಳಗಿನ ಚಿಪ್ ಮಾಡುವವರು ಬೇರೆ. ಫೋನು ಮಾಡುವವರು ಬೇರೆ. ಒಂದೊಂದು ಮಾದರಿಗೂ ಅಪ್‌ಡೇಟ್ ಹೊಂದಿಸಿ ಪರೀಕ್ಷೆ ಮಾಡಬೇಕು. ಅದಕ್ಕೆ ಖರ್ಚಿದೆ. ಚಿಪ್ಪಿನವರು ಕೈಬಿಟ್ಟರೆ ಫೋನಿನವರಿಗೂ ಕಷ್ಟ. ಅವರಿಗೆ ಹೊಸ ಫೋನು ಮಾರುವುದರಲ್ಲೇ ಲಾಭ. ಹಳೇ ಅಚ್ಚಿನ ಹೆಂಚನ್ನು ಕಾರ್ಖಾನೆ ನಿಲ್ಲಿಸಿದ ಹಾಗೆ ಇದು.

ಕಡಿಮೆ ಬೆಲೆಯ ಹಲವು ಫೋನಿಗೆ ಎರಡು ಮೂರು ವರ್ಷಕ್ಕೇ ಅಪ್‌ಡೇಟ್ ನಿಂತಿದೆ. ಆದರೆ 2024ರಲ್ಲಿ ಬಂದ ದುಬಾರಿ ಗ್ಯಾಲಕ್ಸಿ ಎಸ್ 24 ಫೋನಿಗೆ ಏಳು ವರ್ಷ ಕೊಡುವುದಾಗಿ ಸ್ಯಾಮ್‌ಸಂಗ್ ಹೇಳಿದೆ. ಮನಸ್ಸಿದ್ದರೆ ಕೊಡಬಹುದು ಎಂದಾಯಿತು!

ಅಪ್‌ಡೇಟ್ ಇಲ್ಲದ ಫೋನನ್ನು ಕೆಲವು ವರ್ಷದ ಮೇಲೆ ಆ್ಯಪ್‌ನವರೂ ಬಿಡುತ್ತಾರೆ. ಆಂಡ್ರಾಯ್ಡ್ 4 ಇರುವ ಫೋನಿನಲ್ಲಿ ಈಗ ವಾಟ್ಸಾಪ್ ನಡೆಯುವುದೇ ಇಲ್ಲ. ತಪ್ಪು ನಮ್ಮ ಬೆರಳಿನದಲ್ಲ.

ಮನೆಯಲ್ಲಿ ಹಳೇ ಫೋನು ಬರುವುದು ಹೆಚ್ಚಾಗಿ ಹೆಂಗಸರ ಕೈಗೆ. ಗೃಹಲಕ್ಷ್ಮಿ ಹಣದ ಮೆಸೇಜು, ಸಂಘದ ಲೆಕ್ಕ, ಬ್ಯಾಂಕಿನ ಓಟಿಪಿ ಬರುವುದೂ ಅದಕ್ಕೇ. ಆದ್ದರಿಂದ ನಾವು ಜಾಗ್ರತೆ ಇರಬೇಕು.

ಸೆಟ್ಟಿಂಗ್ಸ್ ತೆರೆಯಿರಿ. 'ಅಬೌಟ್ ಫೋನ್' ಒತ್ತಿರಿ. ಆಂಡ್ರಾಯ್ಡ್ ಎಷ್ಟನೆಯದು, ಕೊನೆಯ ಅಪ್‌ಡೇಟಿನ ತಾರೀಕು ಯಾವುದು, ಓದಿರಿ. ಬಹಳ ಹಳೇ ತಾರೀಕು ಇದ್ದರೆ ಆ ಫೋನು ಮಾತಾಡಲು ಇರಲಿ. ಹಣ ಕಳಿಸುವ ಆ್ಯಪ್ ಅದರಲ್ಲಿ ಬೇಡ. ಮೋಸ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿರಿ.

ಫೋನು ಕೊಳ್ಳುವಾಗ ಬೆಲೆ ಮಾತ್ರ ಕೇಳಬೇಡಿ. "ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ?" ಎಂದೂ ಕೇಳಿ. ಓದಲು ಕಲಿತಿದ್ದೇವೆ. ಕೇಳಲೂ ಕಲಿಯೋಣ.