ಕವಿತೆಯಲ್ಲಿಲ್ಲದ ರಾಟೆ

ಜರ್ಮನ್ ಕವಿತೆಯೊಂದನ್ನು ಒಂದು ಕಂಠಕ್ಕೂ ಒಂದು ಪಿಯಾನೊಗೂ ಹೊಂದಿಸಿ ಸ್ವರ ಸಂಯೋಜಿಸುವ 'ಲೀಡ್' ಎಂಬ ಗೀತಪ್ರಕಾರವು ಫ್ರಾನ್ಜ್ ಶೂಬರ್ಟನಿಗಿಂತ ಮೊದಲೇ ಬಳಕೆಯಲ್ಲಿತ್ತಾದರೂ, ಅದರಲ್ಲಿ ಪಿಯಾನೊಗೆ ಹೆಚ್ಚಾಗಿ ದೊರೆಯುತ್ತಿದ್ದುದು ಹಾಡಿಗೆ ಒತ್ತಾಸೆಯಾಗಿ ನಿಲ್ಲುವ ಕೆಲಸ ಮಾತ್ರ. ವಿಯೆನ್ನಾದಲ್ಲಿ ತಂದೆಯ ಶಾಲೆಯ ಸಹಾಯಕ ಉಪಾಧ್ಯಾಯನಾಗಿದ್ದ ಹದಿನೇಳು ವರ್ಷದ ಶೂಬರ್ಟ್, 1814ರ ಅಕ್ಟೋಬರ್ 19ರಂದು ರಚಿಸಿದ 'ರಾಟೆಯ ಬಳಿ ಗ್ರೆಟ್ಖೆನ್' ಎಂಬ ಗೀತೆಯಲ್ಲಿ ಪಿಯಾನೊ ತಾನೇ ಒಂದು ಪಾತ್ರವಾಗುತ್ತದೆ.

ಗಯಟೆಯ 'ಫೌಸ್ಟ್' ನಾಟಕದ ಮೊದಲ ಭಾಗದಲ್ಲಿ, ಫೌಸ್ಟನಿಗೆ ಮನಸೋತ ಗ್ರೆಟ್ಖೆನ್ ಒಬ್ಬಳೇ ಕುಳಿತು ಆಡುವ ಹತ್ತು ಪುಟ್ಟ ಪದ್ಯಗಳೇ ಇದರ ಸಾಹಿತ್ಯ. ಆ ಹತ್ತರಲ್ಲಿ ಎಲ್ಲಿಯೂ ರಾಟೆಯ ಮಾತೇ ಇಲ್ಲ. ಅದು ಇರುವುದು ರಂಗಸೂಚನೆಯಲ್ಲಿ. ಆ ಸೂಚನೆಯನ್ನು ಶೂಬರ್ಟ್ ಪಿಯಾನೊಗೆ ಒಪ್ಪಿಸಿದನು: ಬಲಗೈಯಲ್ಲಿ ಕಿರುಸ್ವರಗಳ ಗುಂಪೊಂದು ಏರಿಳಿಯುತ್ತ ಸುತ್ತುತ್ತಿದ್ದರೆ, ಎಡಗೈಯ ಮೊಟಕಾದ ಮಿಡಿತಗಳು ರಾಟೆಯನ್ನು ತಿರುಗಿಸಲು ಕಾಲಿನಿಂದ ತುಳಿಯುವ ಹಲಗೆಯ ಲಯವನ್ನು ಹಿಡಿಯುತ್ತವೆ. ಗೀತೆಯು ಡಿ ಮೈನರ್‌ನಲ್ಲಿದೆ, ಎಂದರೆ ಡಿ ಸ್ವರವನ್ನು ಷಡ್ಜವಾಗಿಟ್ಟುಕೊಂಡು, ಹಿಂದೂಸ್ತಾನಿಯ ಕೋಮಲ ಗಾಂಧಾರಕ್ಕೆ ಸಮನಾದ ಮೂರನೆಯ ಸ್ವರವನ್ನು ಬಳಸುವ ಏರ್ಪಾಟಿನಲ್ಲಿದೆ. ಆರಂಭದಲ್ಲಿ ಪಿಯಾನೊ ತೀರಾ ಮೆಲುವಾಗಿ ನುಡಿಯಬೇಕೆಂದು ಶೂಬರ್ಟ್ ಸೂಚಿಸಿದ್ದಾನೆ. ಮೊದಲಿನಿಂದಲೇ ರಾಟೆಯನ್ನು ಗಟ್ಟಿಯಾಗಿ ತಿರುಗಿಸುವ ವಾದಕರು ಮುಂದಿನ ಏರಿಕೆಗೆ ಜಾಗವನ್ನೇ ಉಳಿಸುವುದಿಲ್ಲ.

ಆ ಏರಿಕೆಯು ಏಳನೆಯ ಪದ್ಯದ ಕೊನೆಗೆ ತುದಿ ಮುಟ್ಟುತ್ತದೆ. ನಲ್ಲನ ನಡೆ, ನಗೆ, ನೋಟ, ಮಾತುಗಳನ್ನು ಒಂದೊಂದಾಗಿ ನೆನೆಯುತ್ತ ಬಂದ ಗ್ರೆಟ್ಖೆನ್ ಅವನ ಮುತ್ತನ್ನು ನೆನೆದೊಡನೆ ಕಂಠವು ಎತ್ತರದ ಸ್ವರದಲ್ಲಿ ತಡೆದು ನಿಲ್ಲುತ್ತದೆ, ರಾಟೆಯೂ ನಿಂತುಬಿಡುತ್ತದೆ. ಮತ್ತೆ ಹೊರಡುವಾಗ ಅದು ಒಮ್ಮೆಗೇ ಓಡದೆ, ತಡವರಿಸಿ, ಬಿಟ್ಟು ಬಿಟ್ಟು ತಿರುಗಿ, ಆಮೇಲಷ್ಟೇ ಹಳೆಯ ಓಟಕ್ಕೆ ಬರುತ್ತದೆ. ಕೈಯ ಕೆಲಸವು ನಿಂತುದನ್ನು ಅವಳು ಈಗಷ್ಟೇ ಅರಿತಳೆಂಬುದನ್ನು ಪಿಯಾನೊ ಒಂದೇ ತಿಳಿಸುತ್ತದೆ. ಇಡೀ ಗೀತೆಯಲ್ಲಿ ಇದಕ್ಕಿಂತ ಜಾಣ ಜಾಗವಿಲ್ಲ. ಗಯಟೆಯ ಕವಿತೆ ಅವಳ ಬಯಕೆಯ ತುದಿಯಲ್ಲಿ ಮುಗಿದರೆ, ಶೂಬರ್ಟ್ ಮೊದಲ ಸಾಲುಗಳನ್ನು ಕೊನೆಯಲ್ಲಿ ಮತ್ತೆ ಹಾಡಿಸಿ, ಬಿಡುಗಡೆಯಿಲ್ಲದ ಆ ಸುತ್ತಿಗೇ ಅವಳನ್ನು ಮರಳಿಸುತ್ತಾನೆ.

ಇಂಥ ಸ್ವಾತಂತ್ರ್ಯ ಗಯಟೆಗೆ ಒಗ್ಗುವಂಥದಾಗಿರಲಿಲ್ಲ. ಪ್ರತಿ ಪದ್ಯಕ್ಕೂ ಒಂದೇ ಧಾಟಿಯನ್ನು ಉಳಿಸಿಕೊಂಡು ಮಾತಿಗೆ ಮುಂದಿನ ಸ್ಥಾನ ಬಿಡುವ, ಸಂಯೋಜಕ ತ್ಸೆಲ್ಟರನಂಥವರ ರಚನೆಗಳೇ ಅವನಿಗೆ ಮೆಚ್ಚು. 1816ರಲ್ಲಿ ಶೂಬರ್ಟನ ಗೆಳೆಯ ಯೋಸೆಫ್ ಫಾನ್ ಶ್ಪೌನ್ ಈ ಗೀತೆಯನ್ನೂ ಸೇರಿಸಿ ಗಯಟೆಗೆ ಕಳುಹಿಸಿದ ಗೀತೆಗಳ ಕಟ್ಟು ಉತ್ತರವಿಲ್ಲದೆ ಹಿಂದಿರುಗಿತು. ಗೀತೆಯು ಅಚ್ಚಾದುದು 1821ರಲ್ಲಿ, ಶೂಬರ್ಟನ ಎರಡನೆಯ ಪ್ರಕಟಿತ ಕೃತಿಯಾಗಿ.