ವಿಲ್ ಎಂದು ಬರೆಯೋಣ, ಕಾದು ನೋಡೋಣ

ಮಕ್ಕಳೇ, ಇಂಗ್ಲಿಷ್ ವ್ಯಾಕರಣದಲ್ಲಿ ಭವಿಷ್ಯತ್ ಕಾಲದ ಪಾಠ ಬಂದಾಗ ಅಭ್ಯಾಸಕ್ಕೆಂದು ಕೆಲವು ವಾಕ್ಯಗಳನ್ನು ಕೊಡುತ್ತಾರೆ. ‘ರಾಮ ವಿಲ್ ಗೋ ಟು ದ ಮಾರ್ಕೆಟ್’ ಎಂದು ನಾವು ಬರೆಯುತ್ತೇವೆ. ರಾಮ ಹೋದನೋ ಇಲ್ಲವೋ ಯಾರೂ ನೋಡುವುದಿಲ್ಲ. ಇವತ್ತು ಬೇರೆ ರೀತಿ ಅಭ್ಯಾಸ ಮಾಡೋಣ. ನಾಳೆ ಏನಾಗುತ್ತದೆ ಎಂದು ಬರೆದು, ಪಕ್ಕದಲ್ಲಿ ದಿನಾಂಕ ಹಾಕಿ, ಆ ದಿನ ಬಂದಾಗ ಹೋಗಿ ನೋಡೋಣ. ಹೀಗೆ ಮಾಡಿದರೆ ವ್ಯಾಕರಣದ ಜೊತೆಗೆ ವಿಜ್ಞಾನವನ್ನೂ ಕಲಿತಂತೆ. ಮೊದಲು ಹೇಳುವುದು, ಆಮೇಲೆ ಪರೀಕ್ಷಿಸುವುದು. ವಿಜ್ಞಾನಿಗಳು ಮಾಡುವುದೂ ಇದನ್ನೇ.

ನಿಯಮ ಸುಲಭ. ‘ವಿಲ್’ ಆದ ಮೇಲೆ ಕ್ರಿಯಾಪದದ ಮೂಲ ರೂಪ ಬರಬೇಕು. ‘ಇಟ್ ವಿಲ್ ಸ್ಲೀಪ್’ ಸರಿ. ‘ಇಟ್ ವಿಲ್ ಸ್ಲೀಪ್ಸ್’ ತಪ್ಪು, ‘ಇಟ್ ವಿಲ್ ಸ್ಲೆಪ್ಟ್’ ಕೂಡ ತಪ್ಪು. ಐ, ಯು, ಹಿ, ಶಿ, ದೇ ಯಾವುದೇ ಇರಲಿ, ‘ವಿಲ್’ ಬದಲಾಗುವುದಿಲ್ಲ. ಇಲ್ಲ ಎನ್ನಲು ‘ವಿಲ್ ನಾಟ್’. ಪ್ರಶ್ನೆ ಕೇಳಲು ‘ವಿಲ್’ ಅನ್ನು ವಾಕ್ಯದ ಮೊದಲಿಗೆ ತಂದರಾಯಿತು.

ಇನ್ನು ಪರೀಕ್ಷಿಸಿ ನೋಡುವಂಥ ವಾಕ್ಯ ಬೇಕಲ್ಲ? ಸಾತನೂರಿನ ಮಕ್ಕಳು ಅದಕ್ಕಾಗಿ ದೂರ ಹೋಗಬೇಕಿಲ್ಲ. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತಮುತ್ತ ಹಿಪ್ಪುನೇರಳೆ ತೋಟಗಳಿವೆ, ಹುಳು ಸಾಕುವ ಮನೆಗಳಿವೆ. ರೇಷ್ಮೆ ಹುಳು ಮುಂದೆ ಏನು ಮಾಡುತ್ತದೆ ಎಂಬುದನ್ನು ಹುಳು ಸಾಕುವವರು ದಿನಗಟ್ಟಲೆ ಮುಂಚೆಯೇ ಹೇಳಬಲ್ಲರು. ಹೇಗೆ ಹೇಳುತ್ತಾರೆ?

ಮೊಟ್ಟೆಯಿಂದಲೇ ಶುರು ಮಾಡೋಣ. ಕಾವಿಗಿಟ್ಟ ಮೊಟ್ಟೆ ಸುಮಾರು 10 ದಿನಕ್ಕೆ ಒಡೆಯುತ್ತದೆ. ಅದಕ್ಕೆ ಒಂದೆರಡು ದಿನ ಮೊದಲು ಮೊಟ್ಟೆ ನೀಲಿ ಬಣ್ಣಕ್ಕೆ ತಿರುಗುತ್ತದೆ; ಒಳಗೆ ಬೆಳೆದ ಮರಿಯ ಕಪ್ಪು ಮೈ ಸಿಪ್ಪೆಯ ಮೂಲಕ ಕಾಣುವುದರಿಂದ ಹಾಗೆ. ನೀಲಿ ಕಂಡ ಕೂಡಲೇ ನೀವು ಬರೆಯಬಹುದು: ‘ದ ಎಗ್ಸ್ ವಿಲ್ ಹ್ಯಾಚ್ ಸೂನ್.’

ಹೊರಬಂದ ಚಾಕಿ ಹುಳು (ಎಳೆಯ ಹುಳು) ಸೊಪ್ಪು ತಿನ್ನುತ್ತದೆ, ಬೆಳೆಯುತ್ತದೆ. ಆದರೆ ಅದರ ಚರ್ಮ ಅದರ ಜೊತೆ ಸಾಕಷ್ಟು ಹಿಗ್ಗುವುದಿಲ್ಲ. ಹಾಗಾಗಿ ಹಳೆಯ ಚರ್ಮ ಕಳಚಿ ಹೊಸದನ್ನು ಪಡೆಯಬೇಕು. ಇದನ್ನೇ ನಮ್ಮ ರೈತರು ‘ಜ್ವರ’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ‘ಮೋಲ್ಟ್’. ಇದು ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಒಂದು ದಿನದಷ್ಟು ಹೊತ್ತು ಅಲುಗದೆ ಕೂರುತ್ತದೆ. ಹತ್ತಿರದಿಂದ ನೋಡಿ: ಮೈ ಬಿಗಿದು ಹೊಳೆಯುತ್ತಿರುತ್ತದೆ, ತಲೆ ಮೈಗಿಂತ ತೀರ ಚಿಕ್ಕದಾಗಿ ಕಾಣುತ್ತದೆ. ಜ್ವರದಿಂದ ಎದ್ದಾಗ ಹಿಂದೆ ಸುಕ್ಕಾದ ಹಳೆಯ ಚರ್ಮ ಬಿದ್ದಿರುತ್ತದೆ, ಹೊಸ ತಲೆ ದೊಡ್ಡದಾಗಿರುತ್ತದೆ. ಹೀಗೆ 4 ಜ್ವರ, 5 ಹಂತ. ತಲೆ ಎತ್ತಿದ ಹುಳುವನ್ನು ಕಂಡಾಗ ಬರೆಯಿರಿ: ‘ಇಟ್ ವಿಲ್ ನಾಟ್ ಈಟ್ ನೌ. ಇಟ್ ವಿಲ್ ಈಟ್ ಆಫ್ಟರ್ ದ ಮೋಲ್ಟ್.’

5ನೇ ಹಂತದಲ್ಲಿ ಹುಳು ಆರೇಳು ದಿನ ಹಗಲಿರುಳು ಮೇಯುತ್ತದೆ. ಮೊಟ್ಟೆಯಿಂದ ಬಂದ ದಿನಕ್ಕೆ ಹೋಲಿಸಿದರೆ ಈಗ ಅದರ ತೂಕ ಸುಮಾರು 10,000 ಪಟ್ಟು! ಆಮೇಲೆ ಒಂದು ದಿನ ಸೊಪ್ಪು ಬೇಡವೆನ್ನುತ್ತದೆ. ಮೈ ಸ್ವಲ್ಪ ಕುಗ್ಗಿ, ಬೆಳಕು ಹಾಯುವಂತೆ ಆಗುತ್ತದೆ. ‘ಹುಳು ಹಣ್ಣಾಯಿತು’ ಎಂದು ಮನೆಯವರೆಲ್ಲ ಅದನ್ನು ಗೂಡು ಕಟ್ಟಲು ಇಡುವ ಚಂದ್ರಿಕೆ ಎಂಬ ತಟ್ಟೆಗೆ ಬಿಡಲು ಓಡಾಡುತ್ತಾರೆ. ನೀವೂ ಬರೆಯಿರಿ: ‘ದ ವರ್ಮ್ ವಿಲ್ ಸ್ಪಿನ್ ಎ ಕಕೂನ್.’ ಹುಳು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ರಾಮನಗರದ ಮಾರುಕಟ್ಟೆಗೆ ಹೋಗುವ ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ.

ಹುಳುವಿನ ನಾಳೆ ಇಷ್ಟು ನಿಖರವಾಗಿ ಗೊತ್ತಾಗುವುದಕ್ಕೆ ಕಾರಣ ಅದರ ಮೈಯೊಳಗಿದೆ. ಎಕ್ಡೈಸೋನ್ ಎಂಬ ಹಾರ್ಮೋನು ‘ಚರ್ಮ ಕಳಚು’ ಎಂಬ ಸೂಚನೆ ಕೊಡುತ್ತದೆ. ಜುವೆನೈಲ್ ಹಾರ್ಮೋನು ‘ಇನ್ನೂ ಹುಳುವಾಗಿಯೇ ಇರು’ ಎನ್ನುತ್ತದೆ. 5ನೇ ಹಂತದಲ್ಲಿ ಎರಡನೆಯದು ಇಳಿದುಹೋಗುತ್ತದೆ. ಆಗ ಹುಳು ಗೂಡು ಕಟ್ಟಿ ಅದರೊಳಗೆ ಕೋಶವಾಗಲು (ಪ್ಯೂಪಾ ಆಗಲು) ಹೊರಡುತ್ತದೆ. ಎಕ್ಡೈಸೋನ್ ಅನ್ನು ಮೊದಲು ಬೇರ್ಪಡಿಸಿದ್ದೂ ರೇಷ್ಮೆ ಹುಳುವಿನ ಕೋಶಗಳಿಂದಲೇ. 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ಕೋಶಗಳಿಂದ ಬರೀ 25 ಮಿಲಿಗ್ರಾಂ ಪಡೆದರು.

ಆದರೂ ದಿನ ಹಿಂದೆ ಮುಂದೆ ಆಗಬಹುದು. ಹುಳುವಿಗೆ ತನ್ನದೇ ಮೈಬಿಸಿ ಇಲ್ಲ. ಚಳಿ ಹೆಚ್ಚಾದರೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ಆದ್ದರಿಂದ ವಾಕ್ಯದ ಪಕ್ಕದಲ್ಲಿ ಆ ದಿನದ ಉಷ್ಣಾಂಶವನ್ನೂ ಬರೆದಿಡಿ.

ಎಲ್ಲ ‘ವಿಲ್’ಗಳಿಗೂ ಒಂದೇ ಬಲ ಇರುವುದಿಲ್ಲ ಎಂಬುದನ್ನೂ ತಿಳಿಯಿರಿ. ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1531, 1607 ಮತ್ತು 1682ರಲ್ಲಿ ಕಂಡ ಧೂಮಕೇತುಗಳು ಒಂದೇ ಎಂದು ಲೆಕ್ಕ ಹಾಕಿ, ಅದು 1758ರ ಹೊತ್ತಿಗೆ ಮತ್ತೆ ಬರುತ್ತದೆ ಎಂದು 1705ರಲ್ಲಿ ಹೇಳಿದರು. 1742ರಲ್ಲಿ ಅವರು ತೀರಿಕೊಂಡರು. 1758ರ ಡಿಸೆಂಬರ್ 25ರಂದು ಧೂಮಕೇತು ಕಂಡಿತು. ಮೊದಲು ಕಂಡವರು ಜರ್ಮನಿಯ ಒಬ್ಬ ರೈತ, ಯೋಹಾನ್ ಪಾಲಿಚ್. ಇನ್ನು ಅದು ಬರುವುದು 2061ರಲ್ಲಿ. ಇಲ್ಲಿ ಧೈರ್ಯವಾಗಿ ‘ವಿಲ್’ ಎನ್ನಬಹುದು. ಮಳೆಯ ವಿಷಯ ಹಾಗಲ್ಲ. ಕಬ್ಬಾಳು ಬೆಟ್ಟದ ಮೇಲೆ ಮೋಡ ಕಟ್ಟಿದ್ದನ್ನು ಕಂಡು ನಾವು ‘ಮಳೆ ಬಂದೀತು’ ಎನ್ನುತ್ತೇವಲ್ಲ, ಅಂಥ ಕಡೆ ಇಂಗ್ಲಿಷಿನಲ್ಲಿ ‘ಇಟ್ ಮೇ ರೇನ್’ ಎನ್ನಿ. ಎಷ್ಟು ಗೊತ್ತೋ ಅಷ್ಟೇ ಹೇಳುವುದು ವಿಜ್ಞಾನದ ಮರ್ಯಾದೆ.

ಈಗ ನಿಮ್ಮ ಸರದಿ. ದೊಡ್ಡವರ ಅನುಮತಿ ಕೇಳಿ, ಕೈ ತೊಳೆದು ಹುಳು ಮನೆಗೆ ಹೋಗಿ. ಕೊಳಕು ಕೈಯಿಂದ ಹುಳುಗಳಿಗೆ ರೋಗ ತಗಲುತ್ತದೆ. ಮೊದಲು ಪ್ರಶ್ನೆ ಬರೆಯಿರಿ: ‘ವಿಲ್ ದ ವರ್ಮ್ ಈಟ್ ಎ ಮ್ಯಾಂಗೋ ಲೀಫ್?’ ಅದರ ಕೆಳಗೆ ನಿಮ್ಮ ಊಹೆ: ‘ಇಟ್ ವಿಲ್’ ಅಥವಾ ‘ಇಟ್ ವಿಲ್ ನಾಟ್’. ಒಂದು ಹುಳುವಿನ ಮುಂದೆ ಸ್ವಲ್ಪ ಹೊತ್ತು ಮಾವಿನೆಲೆ ಇಟ್ಟು ನೋಡಿ, ಆಮೇಲೆ ಅದಕ್ಕೆ ಸೊಪ್ಪು ಕೊಡಿ. ಹುಳು ಮನೆ ಹತ್ತಿರವಿಲ್ಲದವರು ನೆನೆಸಿದ ಹುರುಳಿ ಯಾವಾಗ ಮೊಳಕೆಯೊಡೆಯುತ್ತದೆ ಎಂದು ಬರೆಯಬಹುದು.

ಬರೆದದ್ದು ನಿಜವಾಗದಿದ್ದರೆ ಅಳಿಸಬೇಡಿ. ಅದರ ಪಕ್ಕದಲ್ಲಿ ಏನಾಯಿತು, ಏಕಾಯಿತು ಎಂದು ಬರೆಯಿರಿ. ನಿಮ್ಮ ಮುಂದಿನ ‘ವಿಲ್’ ಇನ್ನಷ್ಟು ಸರಿಯಾಗುವುದು ಆ ಸಾಲಿನಿಂದಲೇ.